ರೂಬಿಯ ತಿಥಿ ಮಾಡುವವರಿಗೆ

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಎಂದೂ ಬರವಿಲ್ಲ. ರೂಬಿ ಭಾಷೆ ಸತ್ತಿತು, ಅದರ ಮೇಲೆ ಕಟ್ಟಿದ ರೈಲ್ಸ್ ಮೂಲೆ ಸೇರಿತು ಎಂಬ ಸುದ್ದಿ ಹತ್ತು ಹದಿನೈದು ವರ್ಷದಿಂದ ಓಡಾಡುತ್ತಲೇ ಇದೆ. ಜಾಲಹಳ್ಳಿ ಮೆಟ್ರೋ ನಿಲ್ದಾಣದಲ್ಲಿ ಇಳಿದು ಗಂಗಮ್ಮ ಸರ್ಕಲ್ ದಾಟಿ ಅಬ್ಬಿಗೆರೆ ಮುಖ್ಯರಸ್ತೆಗೆ ಬರುವಷ್ಟರಲ್ಲಿ ಕರೆಂಟ್ ಕಂಬಗಳೇ ನಿಮಗೆ ವೃತ್ತಿ ಮಾರ್ಗದರ್ಶನ ಮಾಡಿ ಮುಗಿಸಿರುತ್ತವೆ: ಜಾವಾ ಫುಲ್‌ಸ್ಟ್ಯಾಕ್, ಮರ್ನ್ ಸ್ಟ್ಯಾಕ್, ಡೇಟಾ ಸೈನ್ಸ್ ವಿತ್ ಎಐ, ಪ್ಲೇಸ್‌ಮೆಂಟ್ ಗ್ಯಾರಂಟಿ. ರೂಬಿಯ ಹೆಸರು ಹುಡುಕಿದರೂ ಸಿಗದು. ಸೋಲದೇವನಹಳ್ಳಿ, ಚಿಕ್ಕಬಾಣಾವರದ ಕಡೆ ಎಂಜಿನಿಯರಿಂಗ್ ಓದುವ ಹುಡುಗರ ಮುಂದೆ ರೈಲ್ಸ್ ಎಂದು ಬಾಯಿ ತೆರೆದರೆ, ‘ಅದು ಔಟ್‌ಡೇಟೆಡ್ ಅಲ್ವಾ ಸಾರ್’ ಎಂಬ ಉತ್ತರ ಸಿದ್ಧವಿರುತ್ತದೆ. ಯಾರು ಹೇಳಿದರಪ್ಪ ಎಂದರೆ, ಕೋಚಿಂಗ್ ಕೌನ್ಸೆಲರ್ ಹೇಳಿದರು, ಸೀನಿಯರ್ ಹೇಳಿದ, ಯೂಟ್ಯೂಬಿನಲ್ಲಿ ಬಂದಿತ್ತು. ರೈಲ್ಸ್‌ನಲ್ಲಿ ಒಂದು ಪುಟವನ್ನಾದರೂ ಕಟ್ಟಿ ನೋಡಿ ಹೇಳಿದವರು ಆ ಸಾಲಿನಲ್ಲಿ ಒಬ್ಬರೂ ಇರುವುದಿಲ್ಲ.

ನಾನು ಇದೇ ಭಾಷೆಯಲ್ಲಿ ಕೆಲಸ ಮಾಡಿ ಉಣ್ಣುವವನು. ಹಾಗಾಗಿ ನನ್ನ ಮಾತಿನಲ್ಲಿ ಸ್ವಾರ್ಥವಿದೆ ಎಂದು ಯಾರಾದರೂ ಹೇಳಿದರೆ ಹೇಳಲಿ. ಕೌನ್ಸೆಲರ್ ಮಾತಿನಲ್ಲೂ ಇದೆಯಲ್ಲ, ಅವರ ಫೀಸಿನಷ್ಟು!

ಈ ಸಾವಿನ ಸುದ್ದಿ ಹುಟ್ಟಿದ್ದು ಎಲ್ಲಿ ಎಂದು ಹಿಂದೆ ಹೋಗಿ ನೋಡಿದರೆ ಟ್ವಿಟರ್ ಸಿಗುತ್ತದೆ. ಟ್ವಿಟರ್ ಮೊದಲು ನಿಂತಿದ್ದು ರೈಲ್ಸ್ ಮೇಲೆ. ಜನ ಮುಗಿಬಿದ್ದಾಗ ಅದು ಪದೇ ಪದೇ ಕುಸಿಯುತ್ತಿತ್ತು; ಆಗೆಲ್ಲ ಪರದೆಯ ಮೇಲೆ ಹಕ್ಕಿಗಳು ಎತ್ತಿಕೊಂಡು ಹೋಗುವ ತಿಮಿಂಗಿಲದ ಚಿತ್ರ ಬರುತ್ತಿತ್ತು. ಅವರು ಸಂದೇಶಗಳ ಸರತಿಯನ್ನು ರೂಬಿಯಿಂದ ಸ್ಕಾಲಾಕ್ಕೆ ಬದಲಾಯಿಸಿದರು, 2011ರಲ್ಲಿ ಹುಡುಕಾಟದ ಮುಂಭಾಗವನ್ನು ರೈಲ್ಸ್‌ನಿಂದ ಜಾವಾಕ್ಕೆ ಸಾಗಿಸಿದರು. ಅಷ್ಟಾಗಿದ್ದೇ ತಡ, ‘ರೈಲ್ಸ್ ಸ್ಕೇಲ್ ಆಗಲ್ಲ’ ಎಂಬ ಮಾತು ಗಾದೆಯಾಯಿತು. ಟ್ವಿಟರಿನ ಹೊರೆ ಎಂಥದ್ದು ಎಂಬುದನ್ನು ಮಾತ್ರ ಈ ಗಾದೆ ಹೇಳುವವರು ಹೇಳುವುದಿಲ್ಲ. 2013ರ ಆಗಸ್ಟ್‌ನಲ್ಲಿ ಜಪಾನಿನ ಟೀವಿಯಲ್ಲಿ ಒಂದು ಅನಿಮೇಷನ್ ಸಿನಿಮಾ ಬರುತ್ತಿದ್ದಾಗ ಒಂದೇ ಸೆಕೆಂಡಿನಲ್ಲಿ 143,199 ಟ್ವೀಟುಗಳು ಬಿದ್ದವು. ಆ ಹೊರೆಗೆ ರೂಬಿ ತಕ್ಕದ್ದಲ್ಲ ಎಂದು ಅವರು ತೀರ್ಮಾನಿಸಿದ್ದರೆ ಅದು ಅವರ ಲೆಕ್ಕಕ್ಕೆ ಸರಿ. ಅಬ್ಬಿಗೆರೆ ಕೈಗಾರಿಕಾ ಪ್ರದೇಶದ ಯಾವುದಾದರೂ ಶೆಡ್ಡಿನಲ್ಲಿ ಸೆಕೆಂಡಿಗೆ 143,199 ಡೆಲಿವರಿ ಚಲನ್ ಹರಿಯುವ ದಿನ ಬಂದರೆ ನಾನೂ ಸ್ಕಾಲಾ ಕಲಿಯುತ್ತೇನೆ.

ಸ್ಕೇಲಿನ ಮಾತು ಬಂದ ಮೇಲೆ ಇನ್ನೊಂದು ಬದಿಯನ್ನೂ ನೋಡಬೇಕು. ಕೆನಡಾದ ಆಟವಾ ನಗರದಲ್ಲಿ ಟೋಬಿ ಲುಟ್ಕೆ ಎಂಬುವನು 2004ರಲ್ಲಿ ಸ್ನೋಬೋರ್ಡ್ ಮಾರಲು ಒಂದು ಆನ್‌ಲೈನ್ ಅಂಗಡಿ ತೆರೆದ. ಸಿಕ್ಕ ಸಾಫ್ಟ್‌ವೇರ್ ಯಾವುದೂ ಹಿಡಿಸದೆ, ಆಗಷ್ಟೇ ಹೊರಬಂದಿದ್ದ ರೈಲ್ಸ್‌ನಲ್ಲಿ ತಾನೇ ಬರೆದುಕೊಂಡ. ಆ ಅಂಗಡಿಯ ಸಾಫ್ಟ್‌ವೇರೇ ಮುಂದೆ ಶಾಪಿಫೈ ಆಯಿತು. 2024ರ ಬ್ಲ್ಯಾಕ್ ಫ್ರೈಡೇ ವಾರಾಂತ್ಯದಲ್ಲಿ ಶಾಪಿಫೈ ಅಂಗಡಿಗಳಲ್ಲಿ ನಡೆದ ವ್ಯಾಪಾರ 11.5 ಬಿಲಿಯನ್ ಡಾಲರ್, ಅದರ ನಡುಗಂಬ ಇಂದಿಗೂ ರೈಲ್ಸ್. ಗಿಟ್‌ಹಬ್ ಕೂಡ ರೈಲ್ಸ್. ರೂಬಿ ಸತ್ತಿದೆ ಎಂದು ಹೇಳುವ ಹುಡುಗ ತನ್ನ ಜಾವಾಸ್ಕ್ರಿಪ್ಟ್ ಪ್ರಾಜೆಕ್ಟನ್ನು ಇಟ್ಟಿರುವುದು ರೂಬಿಯ ಮನೆಯಲ್ಲಿ! ಅವನ ಕಾಲೇಜು ಗಿಟ್‌ಲ್ಯಾಬ್ ಬಳಸುತ್ತಿದ್ದರೆ ಅದೂ ರೈಲ್ಸೇ. ಚೆನ್ನೈಯಲ್ಲಿ 2010ರಲ್ಲಿ ಶುರುವಾದ ಫ್ರೆಶ್‌ಡೆಸ್ಕ್ ರೈಲ್ಸ್‌ನಲ್ಲಿ ಹುಟ್ಟಿತು. ಅದರ ಮಾತೃಸಂಸ್ಥೆ ಫ್ರೆಶ್‌ವರ್ಕ್ಸ್ 2021ರ ಸೆಪ್ಟೆಂಬರ್‌ನಲ್ಲಿ ನಾಸ್ಡಾಕ್ ಪಟ್ಟಿ ಸೇರಿತು.

ಇಷ್ಟಕ್ಕೆ ಎದುರಾಳಿ ಸುಮ್ಮನಾಗುವುದಿಲ್ಲ, ಆಗಲೂಬಾರದು. ‘ಕೆಲಸ ಎಲ್ಲಿದೆ ತೋರಿಸಿ’ ಎನ್ನುತ್ತಾನೆ. ಇದು ಗಟ್ಟಿ ಪ್ರಶ್ನೆ. ಬೆಂಗಳೂರಿನಲ್ಲಿ ಜಾವಾ, ಜಾವಾಸ್ಕ್ರಿಪ್ಟ್, ಪೈಥಾನ್ ಕೇಳುವ ಜಾಹೀರಾತುಗಳ ಪಕ್ಕ ರೂಬಿ ಕೇಳುವವು ಬಹಳ ಕಡಿಮೆ. ಅದರಲ್ಲೂ ಫ್ರೆಶರ್‌ಗೆ ಎಂದು ಬರುವವು ಬೆರಳೆಣಿಕೆ. ಇದನ್ನು ಮುಚ್ಚಿಟ್ಟು ಹುಡುಗರಿಗೆ ರೂಬಿ ಕಲಿಸುವುದು ಮೋಸ. ಕ್ಯಾಂಪಸ್ಸಿಗೆ ಬಂದು ಒಂದೇ ಪರೀಕ್ಷೆಯಲ್ಲಿ ನೂರಾರು ಜನರನ್ನು ಎತ್ತಿಕೊಂಡು ಹೋಗುವ ಕಂಪನಿಯಲ್ಲಿ ಸೇರಬೇಕು, ಮನೆಯ ಸಾಲ ತೀರಿಸಬೇಕು ಎನ್ನುವವರು ಜಾವಾ ಕಲಿಯಲಿ. ನನ್ನ ತಕರಾರಿಲ್ಲ.

ತಕರಾರು ಶುರುವಾಗುವುದು ಆ ಲೆಕ್ಕವನ್ನೇ ಎಂಜಿನಿಯರಿಂಗಿನ ತೀರ್ಪಾಗಿ ಮಾರಿದಾಗ. ಜಾಹೀರಾತುಗಳ ಸಂಖ್ಯೆ ಅಳೆಯುವುದು ಎಷ್ಟು ತಲೆಗಳು ಬೇಕಿವೆ ಎಂಬುದನ್ನು. ಒಂದು ಕೆಲಸಕ್ಕೆ ಮೂವತ್ತು ಜನ ಬೇಕಾಗುವ ಪದ್ಧತಿ ಮೂವತ್ತು ಜಾಹೀರಾತು ಹುಟ್ಟಿಸುತ್ತದೆ, ಮೂವರಲ್ಲಿ ಮುಗಿಯುವ ಪದ್ಧತಿ ಮೂರು. ತಲೆಗಿಷ್ಟು ಎಂದು ಗ್ರಾಹಕನಿಗೆ ಬಿಲ್ ಹಾಕುವ ವ್ಯವಹಾರದಲ್ಲಿ ಮೂರು ಜನರಲ್ಲಿ ಮುಗಿಸುವ ಸಾಧನವನ್ನು ಯಾರು ತಾನೇ ಪ್ರೀತಿಸುತ್ತಾರೆ? ಬೆಂಗಳೂರಿನ ದೊಡ್ಡ ಸೇವಾ ಕಂಪನಿಗಳಲ್ಲಿ ರೂಬಿ ಬೇರು ಬಿಡಲಿಲ್ಲ ಏಕೆ ಎಂದು ಕೇಳುವವರು ಅವರ ಬಿಲ್ಲಿಂಗ್ ಪದ್ಧತಿಯನ್ನು ಒಮ್ಮೆ ಓದಬೇಕು.

ಈ ವಿಷಯದಲ್ಲಿ ನಮ್ಮ ಊರಿಗೂ ರೂಬಿಗೂ ಒಂದು ಹಳೆಯ ನಂಟಿದೆ, ಹೆಚ್ಚಿನವರು ಮರೆತಿದ್ದಾರೆ. ರೂಬಿಜೆಮ್ಸ್, ಅಂದರೆ ರೂಬಿಯ ಲೈಬ್ರರಿಗಳನ್ನು ಹಂಚುವ ವ್ಯವಸ್ಥೆ, ರೂಪ ಪಡೆದದ್ದು 2003ರ ರೂಬಿಕಾನ್ಫ್ ಸಮ್ಮೇಳನದಲ್ಲಿ. ಅದನ್ನು ಕೂತು ಬರೆದ ಕೆಲವೇ ಮಂದಿಯಲ್ಲಿ ಒಬ್ಬ ಚಾಡ್ ಫೌಲರ್. ಈತ ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ ಇದ್ದು ಒಂದು ಅಮೆರಿಕನ್ ಕಂಪನಿಗೆ ಸಾಫ್ಟ್‌ವೇರ್ ಕೇಂದ್ರ ಕಟ್ಟಿಕೊಟ್ಟವನು. ಆ ಅನುಭವದಿಂದ 2005ರಲ್ಲಿ ‘ಮೈ ಜಾಬ್ ವೆಂಟ್ ಟು ಇಂಡಿಯಾ’ ಎಂಬ ಪುಸ್ತಕ ಬರೆದ. ಬೆಂಗಳೂರಿನ ಹೆಸರು ಕೇಳಿದರೆ ಬೆಚ್ಚುತ್ತಿದ್ದ ಅಮೆರಿಕನ್ ಪ್ರೋಗ್ರಾಮರ್‌ಗಳಿಗೆ ಆತ ಹೇಳಿದ್ದರ ಒಂದು ಸಾರ ಇಷ್ಟು: ಎಲ್ಲರೂ ಕಲಿತದ್ದನ್ನೇ ಕಲಿತರೆ ನೀವು ಬೆಲೆಯ ಪೈಪೋಟಿಗೆ ಬೀಳುತ್ತೀರಿ, ಅಲ್ಲಿ ನೀವು ಗೆಲ್ಲಲಾರಿರಿ. ಆಗ ಆ ಅಗ್ಗದ ಬದಿಯಲ್ಲಿ ನಿಂತಿದ್ದವರು ನಾವು. ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಮಾತನ್ನು ಹೆಸರಘಟ್ಟ ರಸ್ತೆಯ ಬಸ್ಸುಗಳಲ್ಲಿ ಓದಿಕೊಂಡು ಹೋಗುವ ಹುಡುಗರಿಗೆ ಹೇಳಬೇಕಾಗಿದೆ. ಪ್ರತಿ ಕಾಲೇಜಿನಿಂದಲೂ ಒಂದೇ ಅಚ್ಚಿನ ರೆಸ್ಯೂಮೆ, ಒಂದೇ ಮರ್ನ್ ಪ್ರಾಜೆಕ್ಟು, ಅದೇ ಶಾಪಿಂಗ್ ಕಾರ್ಟು. ಕೌನ್ಸೆಲರ್ ಇದಕ್ಕೆ ‘ಡಿಮ್ಯಾಂಡ್’ ಎನ್ನುತ್ತಾರೆ. ಸರತಿಯಲ್ಲಿ ನಿಂತವರ ಸಂಖ್ಯೆಗೆ ಡಿಮ್ಯಾಂಡ್ ಎನ್ನುವುದಿಲ್ಲ.

ಭಾರತದ ಮೊದಲ ರೂಬಿಕಾನ್ಫ್ ನಡೆದದ್ದೂ ಬೆಂಗಳೂರಿನಲ್ಲೇ, 2010ರಲ್ಲಿ. ಆಮೇಲೆ 2014, 2015ರಲ್ಲಿ ಗಾರ್ಡನ್ ಸಿಟಿ ರೂಬಿ ಎಂಬ ಸಮ್ಮೇಳನ ನಡೆಯಿತು. ಸಿ42 ಎಂಜಿನಿಯರಿಂಗ್ ಎಂಬ ಬೆಂಗಳೂರಿನ ಸಣ್ಣ ರೂಬಿ ತಂಡವನ್ನು 2016ರಲ್ಲಿ ಇಂಡೊನೇಷ್ಯಾದ ಗೋಜೆಕ್ ಕೊಂಡುಕೊಂಡಿತು. ಗೋಜೆಕ್ ಬೆಳೆದ ಮೇಲೆ ಅಲ್ಲಿ ಗೋ, ಕ್ಲೋಜರ್ ಭಾಷೆಗಳೂ ಬಂದವು, ಅದನ್ನು ಬಿಟ್ಟು ಹೇಳಿದರೆ ಅರ್ಧಸತ್ಯವಾಗುತ್ತದೆ. ಆದರೆ ಒಂದು ಮೋಟರ್‌ಬೈಕ್ ಟ್ಯಾಕ್ಸಿ ಕಂಪನಿ ಜಕಾರ್ತಾದಿಂದ ಇಲ್ಲಿಗೆ ಬಂದು ಹುಡುಕಿದ್ದು ಯಾವ ಬಗೆಯ ಜನರನ್ನು? ಇನ್ನೊಂದು ಉದಾಹರಣೆ ನನಗೆ ಇದಕ್ಕಿಂತ ಇಷ್ಟ. ನಿಲೆನ್ಸೊ ಎಂಬುದು 2013ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ, ಕೆಲಸಗಾರರೇ ಮಾಲೀಕರಾಗಿರುವ ಸಹಕಾರಿ ಮಾದರಿಯ ಸಾಫ್ಟ್‌ವೇರ್ ಸಂಸ್ಥೆ. ರಕ್ತದೊತ್ತಡದ ರೋಗಿಗಳ ದಾಖಲೆ ಇಡಲು ಸರ್ಕಾರಿ ಆಸ್ಪತ್ರೆಗಳ ನರ್ಸುಗಳು ಬಳಸುವ ‘ಸಿಂಪಲ್’ ಎಂಬ ಆ್ಯಪಿನ ಸರ್ವರನ್ನು ಕಟ್ಟಿದವರಲ್ಲಿ ಅವರೂ ಸೇರಿದ್ದಾರೆ. ಭಾರತದ ಹಲವು ರಾಜ್ಯಗಳಲ್ಲಿ, ಬಾಂಗ್ಲಾದೇಶ, ಇಥಿಯೋಪಿಯಾಗಳಲ್ಲಿ ಬಳಕೆಯಾದ ಆ ಸರ್ವರ್ ರೈಲ್ಸ್‌ನಲ್ಲಿದೆ, ಕೋಡ್ ಮುಕ್ತವಾಗಿದೆ, ಯಾರು ಬೇಕಾದರೂ ತೆರೆದು ಓದಬಹುದು. ಸತ್ತ ಭಾಷೆ ಎನ್ನುವವರು ಒಮ್ಮೆ ಓದಿ.

ಇನ್ನು ಅಬ್ಬಿಗೆರೆಗೆ ಬರುತ್ತೇನೆ. ನನ್ನ ವಾದದ ತಿರುಳು ಇಲ್ಲೇ ಇದೆ.

ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು 1950ರ ದಶಕದಲ್ಲಿ ಜಾಲಹಳ್ಳಿಗೆ ಬಂದವು; ಆಮೇಲೆ ಪೀಣ್ಯ ಬೆಳೆಯಿತು. ಈ ದೊಡ್ಡವರ ನಡುವಿನ ಜಾಗದಲ್ಲಿ ಅಬ್ಬಿಗೆರೆಯ ಶೆಡ್ಡುಗಳಿವೆ. ಟರ್ನಿಂಗ್, ಮಿಲ್ಲಿಂಗ್, ಪೌಡರ್ ಕೋಟಿಂಗ್, ಶೀಟ್ ಮೆಟಲ್, ಪ್ಯಾಕಿಂಗ್. ಒಬ್ಬ ಕಂಬಿ ಕೊಯ್ದು ಕೊಡುತ್ತಾನೆ, ಪಕ್ಕದವನು ದಾರ ಹಾಕುತ್ತಾನೆ, ಮೂರನೆಯವನು ಪ್ಲೇಟಿಂಗ್ ಮಾಡಿಸಿ ತರುತ್ತಾನೆ. ಮಾಲು ಒಬ್ಬನದು, ಕೆಲಸ ಇನ್ನೊಬ್ಬನದು. ಇದಕ್ಕೆ ಜಾಬ್‌ವರ್ಕ್ ಎನ್ನುತ್ತಾರೆ. ಜಿಎಸ್‌ಟಿ ಕಾಯ್ದೆಯ 143ನೇ ಕಲಮು ಇಂಥ ವ್ಯವಹಾರಕ್ಕಾಗಿಯೇ ಇದೆ. ಜಾಬ್‌ವರ್ಕ್‌ಗೆ ಕಳಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ ವಾಪಸು ಬರಬೇಕು ಅಥವಾ ಅಲ್ಲಿಂದಲೇ ಬಿಲ್ ಆಗಿ ಮುಂದೆ ಹೋಗಬೇಕು. ಯಂತ್ರದಂಥ ಬಂಡವಾಳ ಸರಕಿಗೆ ಮೂರು ವರ್ಷ. ಅಚ್ಚು, ಡೈ, ಜಿಗ್, ಫಿಕ್ಸ್ಚರುಗಳಿಗೆ ಈ ಗಡುವಿಲ್ಲ. ಗಡುವು ಮೀರಿದರೆ, ಮಾಲು ಕಳಿಸಿದ ದಿನವೇ ಅದನ್ನು ಮಾರಿದಂತೆ ಎಂದು ಕಾಯ್ದೆ ಹಿಡಿಯುತ್ತದೆ. ಆ ದಿನದಿಂದ ತೆರಿಗೆ, ಬಡ್ಡಿ ಎರಡೂ ತಲೆ ಮೇಲೆ ಬರುತ್ತವೆ.

ಇಂಥ ಶೆಡ್ಡಿನ ಯಜಮಾನನ ಬಳಿ ಇರುವುದು ಕಾರ್ಬನ್ ಹಾಳೆಯ ಚಲನ್ ಪುಸ್ತಕ, ಒಂದು ಎಕ್ಸೆಲ್, ವಾಟ್ಸಾಪಿನಲ್ಲಿ ಬಿದ್ದಿರುವ ಫೋಟೊಗಳು. ಕಳಿಸಿದ ಐನೂರು ಬುಷ್‌ಗಳಲ್ಲಿ ವಾಪಸು ಬಂದದ್ದು ನಾನೂರ ಎಂಬತ್ತು, ಹನ್ನೆರಡು ರಿಜೆಕ್ಟು, ಉಳಿದ ಎಂಟು ಎಲ್ಲಿ ಎಂಬ ಜಗಳ ತಿಂಗಳ ಕೊನೆಗೆ. ಇವನಿಗೆ ಬೇಕಾದ ಸಾಫ್ಟ್‌ವೇರ್ ಎಷ್ಟು ದೊಡ್ಡದು? ಪಾರ್ಟಿಗಳು, ಐಟಂಗಳು, ಹೋದ ಚಲನ್, ಬಂದ ಚಲನ್, ಬಾಕಿ. ಐದಾರು ಟೇಬಲ್. ದಿನಕ್ಕೆ ಬರುವ ನಮೂದುಗಳನ್ನು ಒಬ್ಬ ಹುಡುಗಿ ಊಟದ ಬಿಡುವಿನ ಮೊದಲೇ ಟೈಪ್ ಮಾಡಿ ಮುಗಿಸುತ್ತಾಳೆ.

ಈ ಕೆಲಸಕ್ಕೆ ಇಂದಿನ ಫ್ಯಾಶನ್ನಿನ ಹುಡುಗ ಏನು ತರುತ್ತಾನೆ ಎಂದು ನಾನು ಕಣ್ಣಾರೆ ನೋಡಿದ್ದೇನೆ. ಮುಂಭಾಗಕ್ಕೆ ರಿಯಾಕ್ಟ್, ಹಿಂಭಾಗಕ್ಕೆ ನೋಡ್, ನಡುವೆ ಎಪಿಐ, ಲಾಗಿನ್ನಿಗೆ ಯಾವುದೋ ಬಾಡಿಗೆ ಸೇವೆ, ಸರತಿಗೆ ರೆಡಿಸ್, ಇವೆಲ್ಲ ನಿಲ್ಲಲು ಡಾಲರಿನಲ್ಲಿ ಬಿಲ್ ಕಳಿಸುವ ಮೋಡ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಅದೂ ಎರಡು ರೆಪೊಸಿಟರಿಗಳಲ್ಲಿ ಒಡೆದ ಬ್ರಹ್ಮಾಸ್ತ್ರ. ‘ಬಾಕಿ’ ಎಂಬ ಒಂದು ಕಾಲಂ ಸೇರಿಸಬೇಕಾದರೆ ಡೇಟಾಬೇಸಿನಲ್ಲಿ ಒಂದು ಕಡೆ, ಎಪಿಐನಲ್ಲಿ ಒಂದು ಕಡೆ, ಟೈಪುಗಳಲ್ಲಿ ಒಂದು ಕಡೆ, ಪರದೆಯಲ್ಲಿ ಒಂದು ಕಡೆ ತಿದ್ದಬೇಕು. ಹುಡುಗನಿಗೆ ಕೆಲಸ ಸಿಕ್ಕಿ ವೈಟ್‌ಫೀಲ್ಡಿಗೆ ಹೋದ ಮೇಲೆ ಅದನ್ನು ಮುಟ್ಟುವವರಿಲ್ಲ. ಯಜಮಾನ ಮತ್ತೆ ಕಾರ್ಬನ್ ಹಾಳೆಗೆ.

ರೈಲ್ಸ್ ಕಳೆದ ಕೆಲವು ವರ್ಷಗಳಲ್ಲಿ ನಡೆದ ದಾರಿ ಸರಿಯಾಗಿ ಇದಕ್ಕೆ ವಿರುದ್ಧ. 2021ರ ಡಿಸೆಂಬರ್‌ನ ರೈಲ್ಸ್ 7ರಲ್ಲಿ ಹಾಟ್‌ವೈರ್ ಡೀಫಾಲ್ಟಾಗಿ ಬಂತು. ಪುಟದ ಒಂದು ತುಂಡನ್ನು ಮಾತ್ರ ಬದಲಾಯಿಸಲು ಬೇರೆಯೇ ಮುಂಭಾಗ ಕಟ್ಟುವ ಅಗತ್ಯ ತಪ್ಪಿತು, ನೋಡ್ ಇಲ್ಲದೆಯೂ ಜಾವಾಸ್ಕ್ರಿಪ್ಟ್ ಬಳಸಬಹುದಾಯಿತು. 2024ರ ನವೆಂಬರ್‌ನ ರೈಲ್ಸ್ 8 ಇನ್ನೂ ಮುಂದೆ ಹೋಯಿತು. ಹಿನ್ನೆಲೆಯ ಕೆಲಸಗಳಿಗೆ ಸಾಲಿಡ್ ಕ್ಯೂ, ಕ್ಯಾಶಿಗೆ ಸಾಲಿಡ್ ಕ್ಯಾಶ್, ನೇರ ಸಂದೇಶಗಳಿಗೆ ಸಾಲಿಡ್ ಕೇಬಲ್: ಮೂರೂ ಈಗಾಗಲೇ ಇರುವ ಡೇಟಾಬೇಸಿನ ಮೇಲೇ ಓಡುತ್ತವೆ, ರೆಡಿಸ್ ಬೇಡ. ಲಾಗಿನ್, ಪಾಸ್‌ವರ್ಡ್ ಮರುಹೊಂದಿಕೆಗೆ ಬೇಕಾದ ಕೋಡನ್ನು ಒಂದು ಜನರೇಟರ್ ನಿಮ್ಮ ಪ್ರಾಜೆಕ್ಟಿನೊಳಗೇ ಬರೆದುಕೊಡುತ್ತದೆ. ಹೊಸ ಖಾತೆ ತೆರೆಯುವ ಪುಟವನ್ನು ಮಾತ್ರ ನೀವೇ ಬರೆಯಬೇಕು, ಶೆಡ್ಡಿನ ಸಾಫ್ಟ್‌ವೇರಿಗೆ ಅದು ಬೇಕಾಗುವುದೂ ಇಲ್ಲ. ಒಂದೇ ಫೈಲಿನಲ್ಲಿ ಕೂರುವ ಎಸ್‌ಕ್ಯೂಲೈಟ್ ಡೇಟಾಬೇಸನ್ನು ನಿಜವಾದ ಬಳಕೆಗೂ ಸಜ್ಜುಗೊಳಿಸಿದರು. ಕಮಾಲ್ ಎಂಬ ಸಾಧನ ಇದೆಲ್ಲವನ್ನೂ ಒಂದು ಸಾಧಾರಣ ಬಾಡಿಗೆ ಸರ್ವರಿಗೆ ಏರಿಸಿ, ಎಸ್‌ಎಸ್‌ಎಲ್ ಪ್ರಮಾಣಪತ್ರವನ್ನೂ ತಾನೇ ತಂದು ನಿಲ್ಲಿಸುತ್ತದೆ.

ಈ ದಾರಿ ಹಿಡಿಸಿದ ಡೇವಿಡ್ ಹೈನ್‌ಮಿಯರ್ ಹ್ಯಾನ್ಸನ್‌ನ ಎಲ್ಲ ಅಭಿಪ್ರಾಯಗಳನ್ನೂ ಒಪ್ಪಬೇಕಾಗಿಲ್ಲ, ನಾನಂತೂ ಒಪ್ಪುವುದಿಲ್ಲ. ಆದರೆ ಅವನ ಕಂಪನಿ 37ಸಿಗ್ನಲ್ಸ್ 2022ರಲ್ಲಿ ಕ್ಲೌಡಿಗೆ ತೆತ್ತದ್ದು 32 ಲಕ್ಷ ಡಾಲರ್ ಎಂದು ಅವರೇ ಲೆಕ್ಕ ಬಿಚ್ಚಿಟ್ಟು, ಸ್ವಂತ ಸರ್ವರ್ ಕೊಂಡು ಹೊರಬಂದರು. ಅಷ್ಟು ದೊಡ್ಡವರಿಗೇ ಆ ಬಿಲ್ ಭಾರವಾಗಿದ್ದರೆ ಅಬ್ಬಿಗೆರೆಯ ಪೌಡರ್ ಕೋಟಿಂಗ್ ಶೆಡ್ಡಿಗೆ ಅದನ್ನು ಕಟ್ಟಿಸಲು ಹೊರಟವರಿಗೆ ಏನು ಹೇಳೋಣ?

ಜಾಬ್‌ವರ್ಕ್ ಗಡುವು ರೈಲ್ಸ್‌ನಲ್ಲಿ ಹೇಗೆ ಕಾಣುತ್ತದೆ ಎಂದು ಹತ್ತಿರದಿಂದ ನೋಡಿ. ಚಲನ್ ಎಂಬ ಮಾಡೆಲ್. ಅದಕ್ಕೆ ಹ್ಯಾಸ್ ಮೆನಿ ಐಟಮ್ಸ್. ಐಟಮಿನ ಬಗೆ ಮೂರು: ಕಚ್ಚಾ ಮಾಲು, ಬಂಡವಾಳ ಸರಕು, ಅಚ್ಚು. ಗಡುವು ಎಂಬ ಒಂದು ಮೆಥಡ್. ಕಚ್ಚಾ ಮಾಲಾದರೆ ಕಳಿಸಿದ ದಿನಾಂಕಕ್ಕೆ ಒಂದು ಡಾಟ್ ಇಯರ್ ಕೂಡಿಸು, ಬಂಡವಾಳ ಸರಕಾದರೆ ಮೂರು ಡಾಟ್ ಇಯರ್ಸ್, ಅಚ್ಚಾದರೆ ನಿಲ್. ಅಷ್ಟೇ. ಕಾಯ್ದೆಯ ಕಲಮು ಹೇಗಿದೆಯೋ ಕೋಡು ಹಾಗೆಯೇ ಓದಿಸಿಕೊಳ್ಳುತ್ತದೆ. ಶೆಡ್ಡಿನ ಅಕೌಂಟೆಂಟ್ ಅದನ್ನು ನೋಡಿ, ‘ಸರಿ ಇದೆ, ಆದ್ರೆ ಕಮಿಷನರ್ ಇನ್ನೊಂದು ವರ್ಷ ವಿಸ್ತರಣೆ ಕೊಡಬಹುದಲ್ಲ, ಅದೆಲ್ಲಿ’ ಎಂದು ಕೇಳಬಲ್ಲರು. ಕೇಳಿದ್ದಾರೆ ಕೂಡ. ಬೇರೆ ಭಾಷೆಗಳಲ್ಲಿ ಇದು ಆಗದ ಕೆಲಸ ಎಂದು ನಾನು ಹೇಳುತ್ತಿಲ್ಲ. ಆಗುತ್ತದೆ, ಸುತ್ತಲಿನ ಕಸ ಹೆಚ್ಚಿರುತ್ತದೆ.

‘ರೂಬಿ ನಿಧಾನ’ ಎಂಬ ಇನ್ನೊಂದು ಹಳೇ ಪಲ್ಲವಿ ಇದೆ. ಹಿಂದೆ ನಿಧಾನವಾಗಿತ್ತು, ಸುಳ್ಳಲ್ಲ. ಶಾಪಿಫೈನಲ್ಲಿ ಮ್ಯಾಕ್ಸಿಮ್ ಶೆವಲಿಯೆ-ಬ್ವಾವೆರ್ ಮತ್ತು ತಂಡ ಕಟ್ಟಿದ ವೈಜಿಟ್ ಎಂಬ ವೇಗವರ್ಧಕ 2021ರಲ್ಲಿ ರೂಬಿ 3.1ರ ಒಳಗೆ ಬಂತು, ಮರುವರ್ಷ ರಸ್ಟ್ ಭಾಷೆಯಲ್ಲಿ ಮರುಹುಟ್ಟು ಪಡೆಯಿತು. ರೂಬಿ 3.3 ಅಥವಾ ಮುಂದಿನ ಆವೃತ್ತಿಯ ಮೇಲೆ ರೈಲ್ಸ್ 7.2 ಓಡಿಸಿದರೆ ಅದು ತಾನಾಗಿಯೇ ಚಾಲೂ ಆಗುತ್ತದೆ. ಉತ್ತರ ಕೊಡುವ ಸಮಯ ಶೇ 15ರಿಂದ 25ರಷ್ಟು ಇಳಿಯಬಹುದು ಎಂದು ರೈಲ್ಸ್ ತಂಡವೇ ಬರೆದಿದೆ. ಒಂದು ಸಾಲು ಕೋಡ್ ಮುಟ್ಟದೆ ಸಿಗುವ ಲಾಭ ಇದು. ಆದರೂ ಸತ್ಯ ಹೇಳಬೇಕೆಂದರೆ ನಾನು ನೋಡಿದ ನಿಧಾನದ ರೈಲ್ಸ್ ಆ್ಯಪುಗಳಲ್ಲಿ ತಪ್ಪು ಭಾಷೆಯದಾಗಿದ್ದು ಅಪರೂಪ. ನೂರು ಚಲನ್ ತೋರಿಸುವ ಪುಟದಲ್ಲಿ ಪ್ರತಿ ಚಲನ್ನಿಗೂ ಪಾರ್ಟಿಯ ಹೆಸರು ಕೇಳಲು ಡೇಟಾಬೇಸಿಗೆ ನೂರು ಸಲ ಓಡುವುದು, ಇಂಡೆಕ್ಸ್ ಹಾಕದೆ ಇರುವುದು: ಇವೇ. ಇನ್‌ಕ್ಲೂಡ್ಸ್ ಬಳಸಿ. ಮರೆಯುವ ಸ್ವಭಾವದವರು ರೈಲ್ಸ್ 6.1ರಿಂದ ಇರುವ ಸ್ಟ್ರಿಕ್ಟ್ ಲೋಡಿಂಗ್ ಹಾಕಿಕೊಳ್ಳಿ, ಅದು ತಪ್ಪು ಮಾಡಿದ ಕೂಡಲೇ ಕಿರುಚುತ್ತದೆ. ನೋಡ್‌ನಲ್ಲಿ ಬರೆದರೂ ಈ ತಪ್ಪು ಇಷ್ಟೇ ದುಬಾರಿ.

ನಮ್ಮ ಕಡೆಯ ಡೆವಲಪರ್‌ಗೆ ನಿಜವಾಗಿ ಬೇಕಾದ ಸುದ್ದಿ-ಸಲಹೆಗಳು ಬೇರೆಯೇ ಇವೆ, ಅವನ್ನು ಯಾವ ಕೋರ್ಸೂ ಹೇಳಿಕೊಡುವುದಿಲ್ಲ. ‘ಅಬ್ಬಿಗೆರೆ’ ಎಂದು ಕನ್ನಡದಲ್ಲಿ ಬರೆದು ರೂಬಿಗೆ ಲೆಂತ್ ಕೇಳಿ. 9 ಎನ್ನುತ್ತದೆ. ಬೈಟ್‌ಸೈಜ್ ಕೇಳಿ, 27. ರೂಬಿ 2.5ರಿಂದ ಇರುವ ಗ್ರಾಫೀಮ್ ಕ್ಲಸ್ಟರ್ಸ್ ಕೇಳಿ, 5 ಸಿಗುತ್ತದೆ, ಏಕೆಂದರೆ ಒತ್ತಕ್ಷರವನ್ನು ಅದು ಎರಡು ಮಾಡಿ ಎಣಿಸುತ್ತದೆ. ಒಂದನೇ ಕ್ಲಾಸಿನ ಮಗು ಎಣಿಸುವುದು 4. ಈಗ ಊರಿನ ಹೆಸರಿನ ಮೊದಲ ನಾಲ್ಕನ್ನು ಮಾತ್ರ ಕೊಡು ಎಂದು ಫಸ್ಟ್ ಮೆಥಡ್ ಕರೆಯಿರಿ: ‘ಅಬ್ಬ’ ಎನ್ನುತ್ತದೆ! ಲೇಬಲ್ ಮುದ್ರಿಸುವ ಪುಟದಲ್ಲಿ ಟ್ರಂಕೇಟ್ ಬಳಸಿ ಪಾರ್ಟಿ ಹೆಸರು ಕತ್ತರಿಸಿದವರ ಪಾಡು ಇದೇ. ಗುಣಿತ ಕಳಚಿ ಬೀಳುತ್ತದೆ, ಹಲಂತ ನೇತಾಡುತ್ತದೆ. ಕ್ಲಸ್ಟರುಗಳನ್ನು ತೆಗೆದುಕೊಂಡು, ಹಲಂತದಲ್ಲಿ ಮುಗಿಯುವುದನ್ನು ಮುಂದಿನದಕ್ಕೆ ಅಂಟಿಸಿ ಆಮೇಲೆ ಕತ್ತರಿಸಬೇಕು. ಹೆಸರಿಗೆ ಗರಿಷ್ಠ ಇಪ್ಪತ್ತು ಎಂದು ವ್ಯಾಲಿಡೇಶನ್ ಹಾಕುವ ಮುನ್ನವೂ ಇದು ನೆನಪಿರಲಿ.

ಹುಡುಕಾಟದ ಕಥೆ ಇನ್ನೂ ಸ್ವಾರಸ್ಯ. ‘ಎಚ್‌ಎಂಟಿ’ ಎಂದು ಬರೆಯುವಾಗ ಒತ್ತು ಬೀಳದಿರಲೆಂದು ಕೀಲಿಮಣೆ ನಡುವೆ ಒಂದು ಕಾಣದ ಚಿಹ್ನೆ ಇಡುತ್ತದೆ. ಒಬ್ಬರು ಅದನ್ನು ಇಟ್ಟು, ಇನ್ನೊಬ್ಬರು ಇಡದೆ ಬರೆದರೆ ಡೇಟಾಬೇಸಿನ ಕಣ್ಣಿಗೆ ಅವೆರಡು ಬೇರೆ ಪಾರ್ಟಿಗಳು. ಸ್ಟ್ರಿಪ್, ಸ್ಕ್ವಿಶ್ ಇದನ್ನು ತೆಗೆಯುವುದಿಲ್ಲ, ಹುಡುಕುವ ಕಾಲಮಿನಲ್ಲಿ ನೀವೇ ಕಿತ್ತುಹಾಕಬೇಕು. ‘ಲೋಕೇಶ್’ನ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ತುಂಡುಗಳಾಗಿಯೂ ಬರೆಯಬಹುದು, ಪರದೆಯ ಮೇಲೆ ವ್ಯತ್ಯಾಸ ಕಾಣದು. ಉಳಿಸುವ ಮುನ್ನ ಯೂನಿಕೋಡ್ ನಾರ್ಮಲೈಸ್ ಕರೆಯಿರಿ, ರೂಬಿ 2.2ರಿಂದಲೂ ಅದು ಇದೆ. ಮೊತ್ತಗಳನ್ನು 123,456 ಎಂದು ತೋರಿಸಿದರೆ ಯಜಮಾನ ಮುಖ ಸಿಂಡರಿಸುತ್ತಾನೆ, ಅವನಿಗೆ 1,23,456 ಬೇಕು. ನಂಬರ್ ವಿತ್ ಡಿಲಿಮಿಟರ್‌ಗೆ ಡಿಲಿಮಿಟರ್ ಪ್ಯಾಟರ್ನ್ ಎಂಬ ಆಯ್ಕೆ ಇದೆ. ರೈಲ್ಸ್‌ನ ಅಧಿಕೃತ ದಾಖಲೆಯಲ್ಲಿ ಅದಕ್ಕೆ ಕೊಟ್ಟ ಉದಾಹರಣೆಯೇ ನಮ್ಮ ಲಕ್ಷದ ಅಲ್ಪವಿರಾಮ. ತಿಂಗಳು, ವಾರಗಳ ಕನ್ನಡ ಹೆಸರುಗಳು ರೈಲ್ಸ್ ಐ18ಎನ್ ಜೆಮ್ಮಿನಲ್ಲಿ ಸಿಗುತ್ತವೆ. ಲಕ್ಷ-ಕೋಟಿಯ ವಿಷಯದಲ್ಲಿ ಜಾವಾಸ್ಕ್ರಿಪ್ಟಿನ ಇಂಟ್ಲ್ ಇದಕ್ಕಿಂತ ಸಲೀಸು, ಒಪ್ಪುತ್ತೇನೆ. ಆದರೆ ಮರ್ನ್ ಕಲಿತು ಬಂದವರಲ್ಲಿ ಅದು ಗೊತ್ತಿದ್ದವರು ನನಗೆ ಸಿಕ್ಕಿಲ್ಲ. ಸ್ಟ್ಯಾಕಿನ ಹೆಸರು ಕಲಿತಿದ್ದಾರೆ, ಶೆಡ್ಡಿನಲ್ಲಿ ಬೇಕಾಗುವುದನ್ನು ಕಲಿತಿಲ್ಲ.

ರೂಬಿಯ ಮನೆಯಲ್ಲಿ ಜಗಳವೇ ಇಲ್ಲವೆಂದಲ್ಲ. 2025ರ ಸೆಪ್ಟೆಂಬರ್‌ನಲ್ಲಿ ರೂಬಿ ಸೆಂಟ್ರಲ್ ಸಂಸ್ಥೆ ರೂಬಿಜೆಮ್ಸ್‌ನ ಹಳೆಯ ನಿರ್ವಾಹಕರನ್ನು ಹೊರಗಿಟ್ಟು ಕೋಡಿನ ಹಿಡಿತ ತೆಗೆದುಕೊಂಡಿತು. ರಂಪವಾಯಿತು. ಹೊರಬಿದ್ದವರು ಬೇರೆ ಸರ್ವರ್ ಶುರು ಮಾಡಿದರು. ಕೊನೆಗೆ ಅಕ್ಟೋಬರ್‌ನಲ್ಲಿ ರೂಬಿಯ ಜನಕ ಯುಕಿಹಿರೊ ಮಾತ್ಸುಮೊಟೊ ಮತ್ತು ಮೂಲ ತಂಡ ರೂಬಿಜೆಮ್ಸ್, ಬಂಡ್ಲರ್ ಎರಡರ ಉಸ್ತುವಾರಿ ವಹಿಸಿಕೊಂಡಿತು. ಇದು ಚಿಂತೆಯ ಸಂಗತಿಯೇ. ನಾವೆಲ್ಲ ಕಣ್ಣು ಮುಚ್ಚಿ ಬಂಡಲ್ ಇನ್‌ಸ್ಟಾಲ್ ಹೊಡೆಯುವ ಜಾಗದ ಕೀಲಿ ಯಾರ ಕೈಯಲ್ಲಿದೆ ಎಂದು ಕೇಳಲೇಬೇಕು. ಅದೇ ವರ್ಷ ರೈಲ್ಸ್‌ಕಾನ್ಫ್ ಕೊನೆಯ ಬಾರಿ ನಡೆದಾಗ ತಿಥಿ ಪಂಡಿತರು ಮತ್ತೆ ಎದ್ದು ಕೂತರು. 2023ರಿಂದ ರೈಲ್ಸ್ ವರ್ಲ್ಡ್ ಎಂಬ ಇನ್ನೊಂದು ಸಮ್ಮೇಳನ ನಡೆಯುತ್ತಿರುವುದು ಅವರ ಕಿವಿಗೆ ಬಿದ್ದಂತಿಲ್ಲ.

ಇಂಥ ಗದ್ದಲಕ್ಕಿಂತ ಗೋಡೆಗೆ ಅಂಟಿಸಿಕೊಳ್ಳಬೇಕಾದ ಸುದ್ದಿ ಒಣ ದಿನಾಂಕಗಳದು. ರೂಬಿ 3.1ರ ಆಯುಷ್ಯ 2025ರ ಮಾರ್ಚ್‌ಗೆ ಮುಗಿಯಿತು. ರೈಲ್ಸ್ 7.0ಕ್ಕೆ ಭದ್ರತಾ ತೇಪೆಗಳು 2025ರ ಏಪ್ರಿಲ್‌ಗೆ, 7.1ಕ್ಕೆ ಅಕ್ಟೋಬರ್‌ಗೆ ನಿಂತವು. ಬೆಂಗಳೂರಿನಲ್ಲಿ ‘ರೈಲ್ಸ್ ಸತ್ತಿದೆ’ ಎಂದು ಬಿಟ್ಟುಹಾಕಿದ, ಆದರೆ ಇನ್ನೂ ಗ್ರಾಹಕರ ದುಡ್ಡು ಎಣಿಸುತ್ತಿರುವ ಹಳೇ ಆ್ಯಪುಗಳು ಇದಕ್ಕಿಂತಲೂ ಹಿಂದಿನ ಆವೃತ್ತಿಗಳಲ್ಲಿ ಓಡುತ್ತಿವೆ. ಸಾಯಿಸಿದವರು ಯಾರು ಹೇಳಿ! ಗಿಟ್‌ಹಬ್ ಕೂಡ ಒಮ್ಮೆ ಈ ತಪ್ಪು ಮಾಡಿತ್ತು: ರೈಲ್ಸ್ 3.2ರಲ್ಲಿ ಕೂತುಬಿಟ್ಟು, 5.2ಕ್ಕೆ ಬರಲು ಒಂದೂವರೆ ವರ್ಷ ಹೆಣಗಿ 2018ರಲ್ಲಿ ಮುಗಿಸಿತು. ಬುದ್ಧಿ ಬಂದ ಮೇಲೆ ಈಗ ವಾರ ವಾರವೂ ಹೊಸ ರೈಲ್ಸ್ ಎಳೆದುಕೊಳ್ಳುತ್ತದೆ. ನಾವು ತಿಂಗಳಿಗೊಮ್ಮೆ ಬಂಡಲ್ ಔಟ್‌ಡೇಟೆಡ್ ಓಡಿಸಿ, ಒಂದೊಂದೇ ಮೆಟ್ಟಿಲು ಹತ್ತಿ, 7.2ರಿಂದ ಹೊಸ ಆ್ಯಪುಗಳ ಜೊತೆಗೇ ಬರುವ ಬ್ರೇಕ್‌ಮ್ಯಾನ್ ಎತ್ತಿ ತೋರಿಸಿದ ತೂತುಗಳನ್ನು ಮುಚ್ಚಿದರೆ ಸಾಕು.

ಕೊನೆಯ ಅಸ್ತ್ರ ಈಗಿನದು: ‘ಎಐ ಎಲ್ಲ ಬರೆಯುತ್ತೆ, ಅದಕ್ಕೆ ಜಾವಾಸ್ಕ್ರಿಪ್ಟ್, ಪೈಥಾನ್ ಚೆನ್ನಾಗಿ ಬರುತ್ತೆ, ರೂಬಿ ಯಾಕೆ?’ ಬರೆಯುವುದನ್ನು ಯಂತ್ರಕ್ಕೆ ಕೊಟ್ಟ ಮೇಲೆ ಮನುಷ್ಯನಿಗೆ ಉಳಿಯುವುದು ಓದಿ ಸರಿ-ತಪ್ಪು ಹೇಳುವ ಕೆಲಸ. ಯಂತ್ರ ನಾನೂರು ಸಾಲು ಉಗುಳಿ, ಅದರಲ್ಲಿ ಅಚ್ಚಿಗೂ ಒಂದು ವರ್ಷದ ಗಡುವು ಹಾಕಿಬಿಟ್ಟಿದ್ದರೆ ಹಿಡಿಯುವವರು ಯಾರು? ನಲವತ್ತು ಸಾಲಿನಲ್ಲಿದ್ದರೆ ಶೆಡ್ಡಿನ ಅಕೌಂಟೆಂಟೂ ಹಿಡಿಯುತ್ತಾರೆ. ಫೈಲು ಎಲ್ಲಿರಬೇಕು, ಹೆಸರು ಹೇಗಿರಬೇಕು ಎಂಬುದನ್ನು ರೈಲ್ಸ್ ಇಪ್ಪತ್ತು ವರ್ಷದಿಂದ ಒಂದೇ ಹದದಲ್ಲಿ ಇಟ್ಟುಕೊಂಡು ಬಂದಿದೆ, ಯಂತ್ರ ದಾರಿ ತಪ್ಪಿದರೂ ಬೇಗ ಕಣ್ಣಿಗೆ ಬೀಳುತ್ತದೆ. ಎಐ ಬಂದಿರುವುದು ರೂಬಿಯ ವಿರುದ್ಧದ ಸಾಕ್ಷಿ ಎಂದು ನನಗೆ ಅನಿಸಿಲ್ಲ.

ನಮ್ಮ ಸುತ್ತಲಿನ ಕಾಲೇಜುಗಳಲ್ಲಿ ಕೊನೇ ವರ್ಷದ ಪ್ರಾಜೆಕ್ಟ್ ಎಂದರೆ ಮುಖ ನೋಡಿ ಹಾಜರಿ ಹಾಕುವ ಯಂತ್ರ, ಇಲ್ಲವೇ ಬೆಳೆರೋಗ ಗುರುತಿಸುವ ಮಾಡೆಲ್. ಬೈಂಡಿಂಗ್ ಆದ ಮೇಲೆ ಯಾರೂ ತೆರೆಯದವು. ಅದರ ಬದಲು ಇಬ್ಬರು ಜೊತೆಯಾಗಿ ಅಬ್ಬಿಗೆರೆಯ ಒಂದು ಶೆಡ್ಡಿಗೆ ಹೋಗಿ ಕೂರಲಿ, ಚಲನ್ ಪುಸ್ತಕ ತಿರುವಲಿ. ಜಾಬ್‌ವರ್ಕ್‌ಗೆ ಮಾಲು ಕಳಿಸಿದವರು ಐಟಿಸಿ-04 ಎಂಬ ಜಿಎಸ್‌ಟಿ ನಮೂನೆ ಸಲ್ಲಿಸಬೇಕು. ವಹಿವಾಟು 5 ಕೋಟಿ ದಾಟದವರಿಗೆ ಅದು ವರ್ಷಕ್ಕೊಮ್ಮೆ, ಏಪ್ರಿಲ್ 25ರೊಳಗೆ. ಜನವರಿಯಲ್ಲಿ ರೈಲ್ಸ್ ನ್ಯೂ ಹೊಡೆದವರು ಆ ಹೊತ್ತಿಗೆ ಬಾಕಿ ಪಟ್ಟಿಯನ್ನು ಯಜಮಾನನ ಕೈಗೆ ಕೊಟ್ಟು ಬಿಲ್ಲನ್ನೂ ಬರೆಯಬಹುದು. ಭಾಷೆ ಸತ್ತಿದೆಯೋ ಬದುಕಿದೆಯೋ ಎಂದು ಅವನು ಕೇಳುವುದಿಲ್ಲ; ಆ ಎಂಟು ಬುಷ್ ಎಲ್ಲಿ ಹೋದವು ಎಂದು ಕೇಳುತ್ತಾನೆ.